ಕೆಂಪು ಗೀಟಿನ ಮೇಲೆ ಹೊಟ್ಟೆಕಿಚ್ಚು

ನೆರೆಮನೆಯವರ ಹೊಸ ಕಾರಿನ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ಕಂಡಿದ್ದೇನೆ. ತಮ್ಮನ ತಲೆಗೂದಲಿನ ಮೇಲೆ ಹೊಟ್ಟೆಕಿಚ್ಚು ಪಡುವ ಅಣ್ಣನನ್ನೂ ಬಲ್ಲೆ. ಆ ಅಣ್ಣ ನಾನೇ. ಆದರೆ ಕಂಪ್ಯೂಟರಿನ ಪರದೆಯಲ್ಲಿ ಅಕ್ಷರದ ಕೆಳಗೆ ಮೂಡುವ ಒಂದು ಅಂಕುಡೊಂಕು ಕೆಂಪು ಗೀಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಇಡೀ ಹೈದರಾಬಾದಿನಲ್ಲಿ ನಾನೊಬ್ಬನೇ ಇರಬೇಕು. ನಲವತ್ತೇಳು ವರ್ಷದ, ಬಿಪಿ ಮಾತ್ರೆ ನುಂಗುವ ಗೃಹಸ್ಥನೊಬ್ಬ ಒಂದು ಗೀಟಿನ ಮೇಲೆ ಹಗೆ ಸಾಧಿಸಿದ ಎಂದು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ನಿಮ್ಮ ಹತ್ತಿರ ಹೇಳದೆ ಇನ್ನಾರ ಹತ್ತಿರ ಹೇಳಲಿ? ಹೆಂಡತಿಗೆ ಹೇಳಿ ಆಗಿದೆ, ಅವಳು ನಕ್ಕೂ ಆಗಿದೆ.

ನನ್ನ ಕಸುಬು ವೆಬ್‌ಸೈಟು ಕಟ್ಟುವುದು. ಪಟಾನ್‌ಚೆರು ಕಡೆಯ ಕಾರ್ಖಾನೆಗಳಿಗೆ ಕೆಲಸದವರನ್ನು ತುಂಬಿಕೊಂಡು ಹೋಗುವ ಬಸ್ಸುಗಳಿವೆಯಲ್ಲ, ಆ ಬಸ್ಸುಗಳಲ್ಲಿ ಯಾರಿಗೆ ಯಾವ ಸೀಟು ಎಂದು ಗೊತ್ತು ಮಾಡುವ ವೆಬ್‌ಸೈಟು ನಮ್ಮದು. ದಿನಾ ಬೆಳಿಗ್ಗೆ ಸಿಕಂದರಾಬಾದಿನ ಮನೆಯಿಂದ ಹೊರಟು ಲೋಕಲ್ ರೈಲಿನಲ್ಲಿ ಲಿಂಗಂಪಲ್ಲಿಗೆ ಬಂದು, ಅಲ್ಲಿಂದ ಷೇರ್ ಆಟೋದಲ್ಲಿ ಮೂರು ಜನರ ಜಾಗದಲ್ಲಿ ಆರನೆಯವನಾಗಿ ಕೂತು ಆಫೀಸು ಸೇರುತ್ತೇನೆ. ಲೋಕಕ್ಕೆಲ್ಲ ಸೀಟು ಹಂಚುವವನ ಪ್ರಯಾಣ ಹೀಗೆ ಸಾಗುತ್ತದೆ. ಆರು ವರ್ಷದ ಹಿಂದೆ ಆ ವೆಬ್‌ಸೈಟಿನ ಮೊದಲ ಸಾಲು ಬರೆದವನು ನಾನು. ಆಮೇಲೆ ಏಳೆಂಟು ಜನ ಬಂದು ಸೇರಿಕೊಂಡರು. ಆದರೂ ಅದು ನನ್ನದು ಎಂಬ ಭಾವನೆ ನನ್ನ ರಕ್ತದಲ್ಲಿ ಇಳಿದುಬಿಟ್ಟಿತ್ತು.

ಈ ಕಸುಬಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ಈಗ ಯಾರೂ ವೆಬ್ ಪುಟವನ್ನು ಇಡಿಯಾಗಿ ಒಂದೇ ಏಟಿಗೆ ಬರೆಯುವುದಿಲ್ಲ. ಬಿಡಿಬಿಡಿ ತುಂಡುಗಳನ್ನು ಮಾಡಿಟ್ಟುಕೊಂಡು ಬೇಕಾದಲ್ಲಿ ಜೋಡಿಸುತ್ತಾರೆ. ಸೀಟಿನ ಚೌಕ ಒಂದು ತುಂಡು, ಹೆಸರಿನ ಪಟ್ಟಿ ಒಂದು, ತಾರೀಖು ಆರಿಸುವ ಕ್ಯಾಲೆಂಡರು ಒಂದು. ಇವಕ್ಕೆ ಕಾಂಪೊನೆಂಟು ಎನ್ನುತ್ತೇವೆ. ಪ್ರತಿ ಕಾಂಪೊನೆಂಟಿಗೂ ಹೊರಗಿನಿಂದ ಏನಾದರೂ ಕೊಡಬೇಕು. ಸೀಟಿನ ಚೌಕಕ್ಕಾದರೆ ಸೀಟಿನ ನಂಬರು, ಕೂರುವವರ ಹೆಸರು, ಖಾಲಿಯೋ ಭರ್ತಿಯೋ ಎಂಬ ಸುದ್ದಿ. ನಾವು ಬಳಸುತ್ತಿದ್ದ ಜಾವಾಸ್ಕ್ರಿಪ್ಟು ಭಾಷೆ ಬಲು ಉದಾರಿ. ಅಂಕಿ ಕೊಡಬೇಕಾದಲ್ಲಿ ಅಕ್ಷರ ಕೊಟ್ಟರೂ, ಹೆಸರು ಕೊಡಬೇಕಾದಲ್ಲಿ ತಾರೀಖು ಕೊಟ್ಟರೂ ಬಾಗಿಲಲ್ಲಿ ನಿಲ್ಲಿಸಿ ಕೇಳುವುದಿಲ್ಲ. ಒಳಗೆ ಬಿಟ್ಟುಕೊಂಡು ಆಮೇಲೆ ಎಲ್ಲೋ ಮುಗ್ಗರಿಸುತ್ತದೆ. ಹಾಗಾಗಿ ಯಾವುದಕ್ಕೆ ಏನು ಕೊಡಬೇಕು ಎನ್ನುವುದು ಯಾರಿಗಾದರೂ ನೆನಪಿರಲೇಬೇಕಿತ್ತು. ಅದು ಎಲ್ಲೂ ಬರೆದಿರಲಿಲ್ಲ. ನನ್ನ ತಲೆಯಲ್ಲಿತ್ತು.

ಅದರಿಂದಾಗಿ ನನ್ನ ದರ್ಬಾರು ನಡೆಯುತ್ತಿತ್ತು. ಬೆಳಿಗ್ಗೆ ಹತ್ತೂವರೆಗೆ ಆಫೀಸಿಗೆ ಚಹಾ ಬರುತ್ತದೆ. ಚಹಾ ಬಂದ ಐದು ನಿಮಿಷಕ್ಕೆ ಒಬ್ಬೊಬ್ಬರಾಗಿ ಕಪ್ಪು ಹಿಡಿದು ನನ್ನ ಮೇಜಿನ ಕಡೆ ಬರುತ್ತಿದ್ದರು. ಕೂರಲಿ ಎಂದು ಮೀಟಿಂಗ್ ರೂಮಿನ ಒಂದು ಕುರ್ಚಿಯನ್ನು ನಾನೇ ಎಳೆದು ತಂದು ಪಕ್ಕದಲ್ಲಿ ಹಾಕಿಕೊಂಡಿದ್ದೆ. ಕ್ಯಾಲೆಂಡರಿಗೆ ತಾರೀಖು ಹೇಗೆ ಕೊಡಬೇಕು ಸರ್, ಪಟ್ಟಿಗೆ ಹೆಸರು ಒಂದಾಗಿ ಕೊಡಬೇಕೋ ಎರಡು ಭಾಗ ಮಾಡಿ ಕೊಡಬೇಕೋ ಸರ್, ಎಂದು ಕೇಳುವರು. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆದರೂ ನಾನು ಒಂದು ಗುಟುಕು ಚಹಾ ಕುಡಿದು, ಚಾವಣಿಯ ಫ್ಯಾನು ನೋಡಿ, ಬಾವಿಯಿಂದ ಕೊಡ ಸೇದುವವನ ಹಾಗೆ ಸಾವಕಾಶ ಮಾಡುತ್ತಿದ್ದೆ. ಮೊದಲು ಆ ಕಾಂಪೊನೆಂಟಿನ ಚರಿತ್ರೆ, ಅದನ್ನು ಬರೆದ ದಿನ ಕರೆಂಟು ಹೋದದ್ದು, ಆಗಿನ ಮ್ಯಾನೇಜರು ಅಂದದ್ದು, ಇದೆಲ್ಲ ಆದ ಮೇಲೆ ಉತ್ತರ. ಕೇಳಿದವರು ತಲೆದೂಗಿ ಹೋಗುವರು. ಇದನ್ನೆಲ್ಲ ಬರೆದಿಡಿ ಸರ್ ಎಂದು ಯಾರಾದರೂ ಅಂದರೆ ಪುರುಸೊತ್ತೆಲ್ಲಿ ಎನ್ನುತ್ತಿದ್ದೆ. ಪುರುಸೊತ್ತು ಬೇಕಾದಷ್ಟಿತ್ತು. ಬರೆದಿಟ್ಟರೆ ಆ ಕುರ್ಚಿಗೆ ಯಾರು ಬಂದು ಕೂರುತ್ತಾರೆ?

ಹೀಗಿರುವಾಗ ಶೋಭಾ ಬಂದರು. ರಾಯಚೂರಿನ ಕಡೆಯವರು, ಮದುವೆಯಾಗಿ ಲಿಂಗಂಪಲ್ಲಿಗೆ ಬಂದು ಇಲ್ಲೇ ನೆಲೆಸಿದವರು, ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಮೊದಲು ಇದೇ ಕಸುಬಿನಲ್ಲಿದ್ದು, ಮಕ್ಕಳು ಮತ್ತು ಅತ್ತೆಯ ಆರೈಕೆಗೆ ಹನ್ನೆರಡು ವರ್ಷ ಬಿಟ್ಟು, ಈಗ ಮತ್ತೆ ಕೆಲಸಕ್ಕೆ ಸೇರಿದ್ದರು. ಆರು ತಿಂಗಳ ಕರಾರು. ಕೆಲಸ ಮೆಚ್ಚುಗೆಯಾದರೆ ಕಾಯಂ. ಆಫೀಸಿನಲ್ಲಿ ಕನ್ನಡ ಆಡುವ ಇನ್ನೊಂದು ಜೀವ ಸಿಕ್ಕಿತೆಂದು ನನಗೆ ಮೊದಲು ಖುಷಿಯೇ ಆಯಿತು. ಅದರಲ್ಲೂ ಆಕೆ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವರು.

"ದೇಸಾಯಿ ಸರ್ರ, ಈ ಪಟ್ಟಿಗೆ ನಂಬರ್ ಕೊಡಬೇಕೇನ್ರಿ, ಹೆಸರ ಕೊಟ್ರೂ ನಡೀತೈತೇನ್ರಿ?"

"ಕೂಡ್ರಿ, ಹೇಳತೀನಿ. ಇದರದು ಒಂದು ದೊಡ್ಡ ಕತಿ ಐತಿ."

ಕತೆ ಹೇಳಿದೆ. ಮಾರನೆಯ ದಿನ ಇನ್ನೊಂದು ಕತೆ. ಮೂರು ನಾಲ್ಕು ವಾರ ಇದು ಸುಗ್ಗಿಯಂತೆ ನಡೆಯಿತು. ಒಂದು ದಿನ ಆಕೆ ಬಂದಾಗ ನಾನು ಮಹಾ ಕೆಲಸದಲ್ಲಿದ್ದವನಂತೆ ಮುಖ ಮಾಡಿ ಹದಿನೈದು ನಿಮಿಷ ನಿಲ್ಲಿಸಿದ್ದೂ ಉಂಟು. ಆಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ಡ್ರಾಯರಿನ ಪೆನ್ನುಗಳಲ್ಲಿ ಬರೆಯುವವು ಯಾವುವು, ಬರೆಯದವು ಯಾವುವು ಎಂದು ಬೇರೆ ಮಾಡುತ್ತಿದ್ದೆ.

ಅದಾದ ಮೇಲೆ ಆಕೆ ಕೇಳುವುದು ನಿಂತಿತು. ನನಗೆ ಬಿಸಿ ತಟ್ಟಿದ್ದು ಎರಡು ವಾರ ಕಳೆದು, ಮ್ಯಾನೇಜರ್ ವೇಣುಗೋಪಾಲ್ ಎಲ್ಲರನ್ನೂ ಕರೆದು ಶೋಭಾ ಒಂದು ಹೊಸ ಏರ್ಪಾಡು ತೋರಿಸುತ್ತಾರೆ ಎಂದಾಗ. ಆಕೆ ನಮ್ಮ ಸೀಟಿನ ಚೌಕಕ್ಕೆ ಟೈಪು ಹಾಕಿದ್ದರು. ಅಂದರೆ ಇದಕ್ಕೆ ಬರುವ ನಂಬರು ಅಂಕಿಯೇ ಆಗಿರಬೇಕು, ಹೆಸರು ಅಕ್ಷರದಲ್ಲೇ ಇರಬೇಕು, ಖಾಲಿ ಭರ್ತಿ ಎಂಬುದು ಹೌದು ಅಥವಾ ಅಲ್ಲ ಎಂದೇ ಬರಬೇಕು ಎಂದು ಕಾಂಪೊನೆಂಟಿನ ತಲೆಬಾಗಿಲಲ್ಲೇ ಬರೆದಿಡುವುದು. ಯಾರಾದರೂ ತಪ್ಪಿ ಬೇರೆ ಏನಾದರೂ ಕೊಟ್ಟರೆ, ಕೊಡುತ್ತಿರುವಾಗಲೇ, ಪುಟ ಓಡುವ ಮೊದಲೇ, ಅದರ ಕೆಳಗೆ ಕೆಂಪು ಗೀಟು. ಅದರ ಮೇಲೆ ಮೌಸ್ ಇಟ್ಟರೆ ಏನು ಕೊಡಬೇಕಿತ್ತು ಎಂಬ ಉತ್ತರ.

ಆ ಗೀಟು ಚಹಾ ಕುಡಿಯಲಿಲ್ಲ. ಫ್ಯಾನು ನೋಡಲಿಲ್ಲ. ಕರೆಂಟು ಹೋದ ಕತೆ ಹೇಳಲಿಲ್ಲ. ಕೇಳುವ ಮೊದಲೇ ಹೇಳಿಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ. ಒಳಗೆ ಉರಿಯುವವನು ಹೊರಗೆ ಜೋರಾಗಿಯೇ ತಟ್ಟುತ್ತಾನೆ.

"ಚಲೋ ಮಾಡೀರಿ," ಎಂದೆ. ಮತ್ತೆ ತಡೆಯಲಾಗದೆ, "ಆದ್ರ ಇಷ್ಟಕ್ಕೆಲ್ಲಾ ಇದು ಬೇಕಿತ್ತೇನ್ರಿ? ನನ್ನ ಕೇಳಿದ್ರ ಆಗತಿತ್ತಲ್ಲ?"

"ನಿಮಗ ಪದೇ ಪದೇ ತ್ರಾಸ ಕೊಡೂದು ಸರಿ ಅನ್ಸಲಿಲ್ರಿ ಸರ್ರ. ನೀವು ಭಾಳ ಕೆಲಸದಾಗ ಇರತೀರಿ."

ಆಕೆಯ ಮುಖದಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪೆನ್ನು ಆರಿಸುತ್ತಿದ್ದ ಆ ಹದಿನೈದು ನಿಮಿಷಕ್ಕೆ ನನ್ನ ಆರು ವರ್ಷದ ದರ್ಬಾರು ಹೋಯಿತು.

ಹೊಟ್ಟೆಕಿಚ್ಚಿನ ಬಗ್ಗೆ ನಾನು ಆ ದಿನಗಳಲ್ಲಿ ರೈಲಿನಲ್ಲಿ ಕೂತು ಬಹಳ ಯೋಚಿಸಿದ್ದೇನೆ. ಕನ್ನಡದಲ್ಲಿ ಅದನ್ನು ಹೊಟ್ಟೆಯಲ್ಲಿ ಇಟ್ಟಿದ್ದೇವೆ. ತೆಲುಗಿನವರೂ ಕಡುಪುಮಂಟ ಎಂದು ಹೊಟ್ಟೆಯಲ್ಲೇ ಇಟ್ಟಿದ್ದಾರೆ. ನಮ್ಮ ಊರಿನ ಹಿಂದಿಯವರು ಜಾಗ ಹೇಳದೆ ಜಲನ್ ಎಂದು ಬೆಂಕಿಯನ್ನಷ್ಟೇ ಒಪ್ಪಿಕೊಳ್ಳುತ್ತಾರೆ. ನೀರಿನ ಹಂಚಿಕೆಯಿಂದ ಹಿಡಿದು ಬಿರಿಯಾನಿಯವರೆಗೆ ಒಮ್ಮತಕ್ಕೆ ಬಾರದ ಜನ ಈ ಒಂದು ವಿಷಯದಲ್ಲಿ ಒಂದಾಗಿದ್ದಾರೆ: ಇದು ಉರಿಯುತ್ತದೆ. ನನಗೆ ಅದು ಸರಿಯಾಗಿ ಹತ್ತೂವರೆಗೆ ಉರಿಯುತ್ತಿತ್ತು. ಚಹಾ ಬರುವುದು, ಕಪ್ಪು ಹಿಡಿದವರು ತಮ್ಮ ತಮ್ಮ ಜಾಗದಲ್ಲೇ ಕೂತು ಕೆಂಪು ಗೀಟಿನ ಮೇಲೆ ಮೌಸ್ ಇಡುವುದು, ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯುವುದು. ಒಂದು ದಿನ ಯಾರೋ ಬಂದರು. ಎದೆಯುಬ್ಬಿ ಕನ್ನಡಕ ಸರಿಮಾಡಿಕೊಂಡೆ. ಅವರು ಕುರ್ಚಿ ಬೇಕಿತ್ತು ಸರ್ ಎಂದು ಅದನ್ನು ಎತ್ತಿಕೊಂಡು ಹೋದರು.

ಮನೆಯಲ್ಲಿ ಹೇಳಿಕೊಂಡೆ. ಹೆಂಡತಿ ಸುನಂದಾ ಚಪಾತಿ ಲಟ್ಟಿಸುತ್ತಲೇ ಕೇಳಿದಳು.

"ಅಲ್ರೀ, ಕೇಳಾಕ ಯಾರೂ ಬರವಲ್ರು ಅಂತ ಸಿಟ್ಟೋ, ಆಕಿ ಚಲೋ ಕೆಲಸ ಮಾಡ್ಯಾಳ ಅಂತ ಸಿಟ್ಟೋ?"

"ಎರಡೂ."

"ಹಂಗಾರ ನೀವು ಅತ್ತಿಯವರ ಮಗನ ಬಿಡ್ರಿ," ಎಂದು ನಕ್ಕಳು.

ಅವಳು ನೆನಪಿಸಿದ್ದು ಡಬ್ಬಿಗಳ ಪ್ರಸಂಗ. ನಮ್ಮ ಅವ್ವನ ಅಡುಗೆಮನೆಯಲ್ಲಿ ಒಂದೇ ಅಳತೆಯ ಇಪ್ಪತ್ತು ಸ್ಟೀಲಿನ ಡಬ್ಬಿಗಳಿದ್ದವು. ಯಾವುದರಲ್ಲಿ ಜೀರಿಗೆ, ಯಾವುದರಲ್ಲಿ ಗುರೆಳ್ಳು ಎನ್ನುವುದು ಅವ್ವನಿಗೆ ಮಾತ್ರ ಗೊತ್ತು. ಪೂಜೆಯಲ್ಲಿ ಕೂತಿದ್ದರೂ ಸರಿ, ಮೇಲಿನ ಸಾಲಿನ ಮೂರನೇದು ಎಂದು ಅಲ್ಲಿಂದಲೇ ಕೂಗುವಳು. ಸುನಂದಾ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಕೂತು ಎಲ್ಲ ಡಬ್ಬಿಗೂ ಚೀಟಿ ಬರೆದು ಅಂಟಿಸಿದಳು. ಅವ್ವ ಮಾರನೆಯ ಬೆಳಿಗ್ಗೆ, ಜಿಡ್ಡಾಗಿವೆ ಎಂದು ಇಪ್ಪತ್ತೂ ಡಬ್ಬಿಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗಿಟ್ಟಳು. ಚೀಟಿಗಳು ಮೋರಿ ಸೇರಿದವು. ಆಗ ನಾನು ಅವ್ವನನ್ನು ಕಂಡು ನಕ್ಕಿದ್ದೆ. ಹೆಂಡತಿಯ ಪರ ವಹಿಸಿ, ಕಾಲಕ್ಕೆ ತಕ್ಕಂತೆ ನಡೆಯಬೇಕು ಎಂದು ಸಣ್ಣ ಉಪದೇಶವನ್ನೂ ಮಾಡಿದ್ದೆ.

ಇನ್ನೊಂದು ಉರಿಯೂ ಇತ್ತು. ನಮ್ಮ ಅಜ್ಜ ಬೀದರಿನಿಂದ ಇಲ್ಲಿಗೆ ಬಂದು ನಿಜಾಮರ ಕಾಲದ ಕಂದಾಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರ ರಿಜಿಸ್ಟರಿನಲ್ಲಿ ಉದ್ದಕ್ಕೂ ಖಾನೆಗಳು. ಹೆಸರಿಗೆ ಒಂದು ಖಾನೆ, ತಂದೆಯ ಹೆಸರಿಗೆ ಒಂದು, ಊರಿಗೆ ಒಂದು, ಜಮೀನು ನೀರಾವರಿಯ ತರಿಯೋ ಮಳೆ ನಂಬಿದ ಖುಷ್ಕಿಯೋ ಎನ್ನುವುದಕ್ಕೆ ಒಂದು. ಊರಿನ ಖಾನೆಯಲ್ಲಿ ಹೆಸರು ಬಿದ್ದರೆ ಅಜ್ಜ ಇಡೀ ಹಾಳೆ ಹರಿದು ಮತ್ತೆ ಬರೆಯುತ್ತಿದ್ದರಂತೆ. ಅಂದರೆ ಶೋಭಾ ಮಾಡುತ್ತಿದ್ದುದು ಹೊಸ ಕೆಲಸವೇನಲ್ಲ, ನಮ್ಮ ಅಜ್ಜನದೇ ಕೆಲಸ. ಮನೆತನದ ಉದ್ಯೋಗವನ್ನು ರಾಯಚೂರಿನವರು ಬಂದು ಹೊಡೆದುಕೊಂಡರು. ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ, ಅವರಿಗೆ ಹೊಳೆಯಿತು. ಹೊಟ್ಟೆಕಿಚ್ಚಿಗೆ ಇಂಥ ಒಣ ಕಟ್ಟಿಗೆ ಇನ್ನೊಂದಿಲ್ಲ.

ಇನ್ನು ನನ್ನ ಪ್ರತೀಕಾರದ ಕತೆ. ಎಲ್ಲರೂ ತಾವು ತಾವು ಬರೆದ ಕಾಂಪೊನೆಂಟುಗಳಿಗೆ ಟೈಪು ಹಾಕಬೇಕೆಂದು ವೇಣುಗೋಪಾಲ್ ಹೇಳಿದರು. ಕೆಲಸವನ್ನು ಕೂಡಿಸಿ ನಡೆಸುವುದು ಶೋಭಾ. ಅವರು ಕಾಯಂ ಆಗುವುದು ಬಿಡುವುದು ಇದು ಹೇಗೆ ಮುಗಿಯುತ್ತದೆ ಎನ್ನುವುದರ ಮೇಲೆ ಎಂದು ಆಫೀಸಿಗೆಲ್ಲ ಗೊತ್ತಿತ್ತು. ಒಬ್ಬೊಬ್ಬರ ಫೈಲೂ ಮುಗಿಯಿತು. ಉಳಿದದ್ದು ನನ್ನದು ಒಂದೇ, 'ಮುಂದಿನ ಸೀಟು' ಎಂಬ ಕಾಂಪೊನೆಂಟು. ಬಸ್ಸಿನಲ್ಲಿ ಕೊನೆಗೆ ಕೊಟ್ಟ ಸೀಟು ಯಾವುದು ಎಂದು ತಿಳಿದುಕೊಂಡು, ಅದಕ್ಕೆ ಒಂದು ಕೂಡಿಸಿ, ಮುಂದೆ ಬಂದವರಿಗೆ ಕೊಡುವುದು ಅದರ ಕೆಲಸ.

ಈ ಟೈಪಿನ ಭಾಷೆಯಲ್ಲಿ 'ಎನಿ' ಎಂಬ ಒಂದು ಮಾತುಂಟು. ಏನು ಬಂದರೂ ಸರಿ, ನನ್ನನ್ನು ಕೇಳಬೇಡ ಎಂದು ಅದರ ತಾತ್ಪರ್ಯ. ಅದನ್ನು ಬರೆದರೆ ಟೈಪು ಹಾಕಿದ ಶಾಸ್ತ್ರವೂ ಆಗುತ್ತದೆ, ಕೆಂಪು ಗೀಟು ಬಾಯಿ ಮುಚ್ಚಿಕೊಂಡೂ ಇರುತ್ತದೆ. ನಾನು ನನ್ನ ಫೈಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಎನಿ, ಎನಿ, ಎನಿ ಎಂದು ಬರೆದು ಮುಗಿಯಿತು ಎಂದೆ. ನಮ್ಮ ಅವ್ವ ಡಬ್ಬಿ ತೊಳೆದದ್ದಕ್ಕಿಂತ ಇದು ಚೊಕ್ಕ ಕೆಲಸ. ಶೋಭಾ ನೋಡಿದರು. ಮೇಲಿನಿಂದ ಕೆಳಗೆ ಒಮ್ಮೆ ಓದಿ, "ಇದು ಭಾಳ ತೊಡಕಿನ ಫೈಲ್ ಐತಿ ಅನ್ರಿ. ನಿಮಗ ಪುರುಸೊತ್ತಾದಾಗ ಸರಿ ಮಾಡ್ರಿ ಸರ್ರ," ಎಂದು ಮುಂದೆ ಹೋದರು. ನನ್ನ ಕಾಂಪೊನೆಂಟಿನ ವಿಷಯವನ್ನಾದರೂ ಇನ್ನು ನನ್ನನ್ನೇ ಕೇಳಬೇಕು ಎಂದು ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಯಾರೂ ಕೇಳಲಿಲ್ಲ ಎನ್ನುವುದು ಬೇರೆ ಮಾತು.

ಆ ಹೊತ್ತಿಗೆ ಬಸ್ಸುಗಳ ಕಡೆಯಿಂದ ಒಂದು ಬೇಡಿಕೆ ಬಂತು. ಕೊನೆಗೆ ಕೊಟ್ಟ ಸೀಟಿನ ನಂಬರನ್ನು ಬಸ್ಸಿನ ಸೂಪರ್‌ವೈಸರ್ ತಾನೇ ಪರದೆಯ ಒಂದು ಖಾಲಿ ಚೌಕದಲ್ಲಿ ಕೈಯಿಂದ ಟೈಪ್ ಮಾಡುವಂತಿರಬೇಕು ಎಂದು. ಅರ್ಧ ಗಂಟೆಯ ಕೆಲಸ. ನಾನೇ ಮಾಡಿದೆ, ಶಿಳ್ಳೆ ಹಾಕಿಕೊಂಡು ಮಾಡಿದೆ. ಅದು ಜನರ ಬಳಕೆಗೆಂದು ಹೊರಗೆ ಹೋದದ್ದೂ, ಶೋಭಾ ಅವರ ಟೈಪು ಹಾಕಿದ ಇಡೀ ವೆಬ್‌ಸೈಟು ಹೊರಗೆ ಹೋದದ್ದೂ ಒಂದೇ ಸೋಮವಾರ.

ಮಂಗಳವಾರ ಬೆಳಿಗ್ಗೆ ಇನ್ನೂ ರೈಲಿನಲ್ಲಿದ್ದೇನೆ, ಫೋನು. ಪಟಾನ್‌ಚೆರು ಬಸ್ಸಿನ ಸೂಪರ್‌ವೈಸರ್ ಯೂಸುಫ್ ಭಾಯ್.

"ಕ್ಯಾ ದೇಸಾಯಿ ಸಾಬ್, ಬಸ್ ಮೇ ಚಾಲೀಸ್ ಸೀಟಾಂ ಹೈ. ತುಮಾರಾ ಕಂಪ್ಯೂಟರ್ ಏಕ್ ಸೌ ಇಕ್ಕೀಸ್ ನಂಬರ್ ದೇ ರಾ. ಅಮ್ಮಾ ನಂಬರ್ ಪಕಡ್ ಕೋ ಖಡೀ ಹೈ. ಛತ್ ಪೋ ಬಿಠಾಊಂ ಕ್ಯಾ?"

ನಲವತ್ತು ಸೀಟಿನ ಬಸ್ಸಿನಲ್ಲಿ ನೂರಾ ಇಪ್ಪತ್ತೊಂದನೆಯ ಸೀಟು. ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಮೊಬೈಲಿನಲ್ಲಿ ಆ ನಂಬರು ಹಿಡಿದು ಬಸ್ಸಿನ ಈ ತುದಿಯಿಂದ ಆ ತುದಿಗೆ ಹುಡುಕಿದ್ದಾಳೆ. ಬಸ್ಸಿನ ಚಾವಣಿಯ ಮೇಲೆ ಕೂರಿಸಲೇ ಎಂದು ಯೂಸುಫ್ ಭಾಯ್ ಕೇಳುತ್ತಿದ್ದಾನೆ. ಕೊನೆಗೆ ಆಕೆಯನ್ನು ಡ್ರೈವರಿನ ಪಕ್ಕ, ಇಂಜಿನ್ನಿನ ಮೇಲಿನ ಬಿಸಿ ಮುಚ್ಚಳದ ಮೇಲೆ ಟವಲು ಹಾಸಿ ಕೂರಿಸಿಕೊಂಡು ಹೋದನಂತೆ.

ಫೋನಿಟ್ಟ ಕೂಡಲೇ ನನಗೆ ಎಲ್ಲ ತಿಳಿಯಿತು. ಹನ್ನೆರಡಕ್ಕೆ ಒಂದು ಕೂಡಿಸಿದರೆ ಹದಿಮೂರು. ಆದರೆ ಚೌಕದಲ್ಲಿ ಕೈಯಿಂದ ಟೈಪ್ ಮಾಡಿದ ಹನ್ನೆರಡು ಅಂಕಿಯಾಗಿ ಬರುವುದಿಲ್ಲ, ಅಕ್ಷರವಾಗಿ ಬರುತ್ತದೆ. ಅಕ್ಷರಕ್ಕೆ ಒಂದು ಸೇರಿಸು ಎಂದರೆ ಕಂಪ್ಯೂಟರು ಕೂಡಿಸುವುದಿಲ್ಲ, ಪಕ್ಕದಲ್ಲಿ ಅಂಟಿಸುತ್ತದೆ. ಹನ್ನೆರಡರ ಪಕ್ಕ ಒಂದು, ನೂರಾ ಇಪ್ಪತ್ತೊಂದು. ಇಲ್ಲಿ ಅಂಕಿಯೇ ಬರಬೇಕು ಎಂದು ಬಾಗಿಲಲ್ಲಿ ಬರೆದಿದ್ದರೆ ನಾನು ಆ ಬದಲಾವಣೆ ಮಾಡುವಾಗಲೇ, ಶಿಳ್ಳೆ ಮುಗಿಯುವ ಮೊದಲೇ ಕೆಂಪು ಗೀಟು ಬೀಳುತ್ತಿತ್ತು. ನಾನು ಬರೆದದ್ದು ಎನಿ. ಲಿಂಗಂಪಲ್ಲಿ ಬರುವುದರೊಳಗೆ ಮೊಬೈಲಿನಿಂದಲೇ ಹೊಸ ಚೌಕವನ್ನು ತೆಗೆದು ಹಳೆಯದನ್ನು ಹಾಕಿದೆ. ಯಾರಿಗೂ ಹೇಳಲಿಲ್ಲ.

ಆಫೀಸಿನಲ್ಲಿ ವೇಣುಗೋಪಾಲ್ ಕೆಂಪಗಾಗಿದ್ದರು. ನಾಲ್ಕು ಬಸ್ಸುಗಳಿಂದ ಫೋನು ಬಂದಿತ್ತು. ನಿನ್ನೆ ಹೊರಗೆ ಹೋದದ್ದೇನು ಎಂದು ಯಾರನ್ನು ಕೇಳಿದರೂ ಬಾಯಿಗೆ ಬರುವುದು ಟೈಪು. ನನ್ನ ಅರ್ಧ ಗಂಟೆಯ ಕೆಲಸ ಯಾರ ನೆನಪಿನಲ್ಲೂ ಇರಲಿಲ್ಲ.

"ಎಂದುಕಂಡಿ ಈ ಟೈಪುಲು? ನಿನ್ನಟಿದಾಕಾ ಬಾಗಾನೇ ಉಂದಿ ಕದಾ!" ಎಂದರು. ನಿನ್ನೆಯವರೆಗೆ ಚೆನ್ನಾಗಿಯೇ ಇತ್ತಲ್ಲ, ಇವೆಲ್ಲ ಏತಕ್ಕೆ ಎಂದು. ಮಧ್ಯಾಹ್ನ ಮೂರಕ್ಕೆ ಮೀಟಿಂಗು, ಕಾರಣ ಸಿಗದಿದ್ದರೆ ಟೈಪುಗಳನ್ನೆಲ್ಲ ಕಿತ್ತು ಹಳೆಯದನ್ನೇ ಹಾಕುವುದು ಎಂದು ಹೇಳಿ ಒಳಗೆ ಹೋದರು.

ನಾನು ಬಾಯಿ ಬಿಡಲಿಲ್ಲ. ನೀವು ನನ್ನನ್ನು ಒಳ್ಳೆಯವನು ಎಂದುಕೊಂಡು ಇಲ್ಲಿಯವರೆಗೆ ಓದಿದ್ದರೆ ಕ್ಷಮಿಸಿ. ಒಂದು ಮಾತು ಆಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೂರು ಗಂಟೆಯವರೆಗೆ ಸುಮ್ಮನಿದ್ದರೆ ಕೆಂಪು ಗೀಟು ಹೋಗುತ್ತದೆ, ಕುರ್ಚಿ ಮರಳಿ ಬರುತ್ತದೆ, ಹತ್ತೂವರೆಯ ಚಹಾಕ್ಕೆ ರುಚಿ ಬರುತ್ತದೆ. ಶೋಭಾ ಅವರ ಕೆಲಸವೂ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದನ್ನು ಮನಸ್ಸಿನ ಒಂದು ಮೂಲೆಗೆ ತಳ್ಳಿ ಮೇಲೆ ಗೋಣಿ ಮುಚ್ಚಿದ್ದೆ. ಊಟಕ್ಕೆ ಸುನಂದಾ ಕಟ್ಟಿದ್ದು ನನಗೆ ಪ್ರಿಯವಾದ ಜುಣಕ ಮತ್ತು ರೊಟ್ಟಿ. ಡಬ್ಬಿ ತೆರೆದವನು ಹಾಗೆಯೇ ಮುಚ್ಚಿಟ್ಟೆ.

ನೀರು ತರಲು ಎದ್ದು ಶೋಭಾ ಅವರ ಹಿಂದಿನಿಂದ ಹಾದುಹೋದೆ. ಆಕೆಯ ಪರದೆಯ ಮೇಲೆ ನನ್ನ ಫೈಲಿನ ನಿನ್ನೆಯ ಪ್ರತಿ ತೆರೆದಿತ್ತು. ನಮ್ಮ ಕಸುಬಿನಲ್ಲಿ ಯಾವ ಸಾಲನ್ನು ಯಾರು ಯಾವಾಗ ಬರೆದರು ಎನ್ನುವುದು ಪಕ್ಕದಲ್ಲೇ ದಾಖಲಾಗುತ್ತದೆ. ಎನಿ ಎಂಬ ಸಾಲಿನ ಪಕ್ಕ ನನ್ನ ಹೆಸರು, ಕೂಡಿಸುವ ಸಾಲಿನ ಪಕ್ಕ ನನ್ನ ಹೆಸರು, ಹೊಸ ಚೌಕದ ಸಾಲಿನ ಪಕ್ಕವೂ ನನ್ನ ಹೆಸರು. ಆಕೆ ಅದನ್ನೇ ನೋಡುತ್ತಾ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ನಾನು ನೀರು ತರದೆ ಖಾಲಿ ಬಾಟಲಿಯೊಂದಿಗೆ ಮರಳಿದೆ. ಇನ್ನು ಮೂರಕ್ಕೆ ನನ್ನ ಮಾನ ಹರಾಜು ಎಂದುಕೊಂಡೆ. ಒಂದು ರೀತಿಯಲ್ಲಿ ಹಿತವೇ ಅನಿಸಿತು. ಆಕೆ ಎಲ್ಲರೆದುರು ನನ್ನ ಹೆಸರು ಹೇಳಿದರೆ ಆಮೇಲೆ ಆಕೆಯನ್ನು ಧಾರಾಳವಾಗಿ ದ್ವೇಷಿಸಬಹುದಲ್ಲ.

ಮೂರಕ್ಕೆ ಎಲ್ಲರೂ ಕೂತೆವು. ಶೋಭಾ ಎದ್ದು ನಿಂತು, ಕಾರಣ ಸಿಕ್ಕಿದೆ, ಒಂದು ಕಾಂಪೊನೆಂಟಿಗೆ ಟೈಪು ಸರಿಯಾಗಿ ಬಿದ್ದಿರಲಿಲ್ಲ, ಹೊರಗೆ ಕಳಿಸುವ ಮೊದಲು ತಾನು ನೋಡಬೇಕಿತ್ತು, ನೋಡಲಿಲ್ಲ, ತಪ್ಪು ತನ್ನದು ಎಂದರು. ಯಾವ ಕಾಂಪೊನೆಂಟು ಎಂದೂ ಹೇಳಲಿಲ್ಲ, ಯಾರದು ಎಂದೂ ಹೇಳಲಿಲ್ಲ. ದನಿ ಸ್ವಲ್ಪ ನಡುಗುತ್ತಿತ್ತು. ಹನ್ನೆರಡು ವರ್ಷದ ಮೇಲೆ ಸಿಕ್ಕ ಕೆಲಸ ಅದು.

ಈ ಜಾಗದಲ್ಲಿ ಸಭ್ಯ ಮನುಷ್ಯನಿಗೆ ಕೃತಜ್ಞತೆ ಉಕ್ಕಬೇಕು, ಕಣ್ಣಂಚು ಒದ್ದೆಯಾಗಬೇಕು. ನನಗೆ ಆದದ್ದು ಅದಲ್ಲ. ನನಗೆ ಮೊದಲಿನದಕ್ಕಿಂತ ಹತ್ತು ಪಟ್ಟು ಹೊಟ್ಟೆಕಿಚ್ಚಾಯಿತು. ಈಕೆ ಟೈಪು ಹಾಕಿದರು, ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು, ಸರಿ. ನನ್ನ ಕುರ್ಚಿ ಹೋಯಿತು, ಅದೂ ಸರಿ. ಈಗ ಆ ಕೋಣೆಯಲ್ಲಿದ್ದ ಒಳ್ಳೆಯತನವನ್ನೆಲ್ಲ ಒಬ್ಬರೇ ಬಾಚಿಕೊಂಡು, ನನಗೆ ಒಂದು ಚೂರೂ ಉಳಿಸದೆ ಹೋಗುವುದೆಂದರೇನು? ಮನೆಗೆ ಹೋಗಿ ನಾನು ಸುನಂದಾಳಿಗೆ ಏನೆಂದು ಹೇಳಲಿ? ಇಷ್ಟು ದೊಡ್ಡದನ್ನು ಆಕೆಯ ಪಾಲಿಗೆ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ಎದ್ದು ನಿಂತೆ. ಯಾವ ಉದಾತ್ತ ಪ್ರೇರಣೆಯಿಂದಲೂ ಅಲ್ಲ, ಶುದ್ಧ ಮತ್ಸರದಿಂದ ಎದ್ದು ನಿಂತೆ.

"ಆ ಫೈಲು ನನ್ನದು. ಬೇಕಂತಲೇ ಟೈಪು ಹಾಕಿರಲಿಲ್ಲ. ಚೌಕ ಬದಲಾಯಿಸಿದವನೂ ನಾನೇ. ಬೆಳಿಗ್ಗೆಯಿಂದ ಗೊತ್ತಿತ್ತು. ಶೋಭಾ ಅವರ ಟೈಪಿನಿಂದ ಆದದ್ದಲ್ಲ, ಅವರ ಟೈಪು ಇಲ್ಲದ್ದರಿಂದ ಆದದ್ದು."

"ಅಯ್ಯೋ ದೇಸಾಯಿಗಾರೂ, ಮೀರಾ!" ಎಂದರು ವೇಣುಗೋಪಾಲ್, ನೀವೇನಾ ಎಂದು ಬೆರಗಾಗಿ. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಮನೆಯ ಹಿರಿಯರು ಬೆಲ್ಲ ಕದ್ದು ಸಿಕ್ಕಿಬಿದ್ದಾಗ ಆಗುವ ಮುಜುಗರವಿತ್ತು. ಆಮೇಲೆ ಅವರು ಟೈಪುಗಳು ಇರಲಿ ಎಂದರು; ಆ ಫೈಲಿಗೂ ಇವತ್ತೇ ಹಾಕಿ, ಇಬ್ಬರೂ ಕೂತು ಹಾಕಿ ಎಂದರು.

ಹಾಗೆ ನಾನು ಚಹಾದ ಕಪ್ಪು ಹಿಡಿದುಕೊಂಡು ಶೋಭಾ ಅವರ ಮೇಜಿಗೆ ಹೋಗಿ ಕೂತೆ. ಏನು ಹೇಳಬೇಕೋ ತಿಳಿಯದೆ, "ತಪ್ಪಾತ್ರಿ," ಎಂದೆ.

"ಇರ್ಲಿ ಬಿಡ್ರಿ ಸರ್ರ. ಮದಲ ಇದನ್ನ ಮುಗಸೂಣು," ಎಂದರು. ನನ್ನನ್ನು ಒಂದು ನಿಮಿಷವೂ ಕಾಯಿಸಲಿಲ್ಲ. ಅದರ ಮೇಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಒಂದೊಂದೇ ಎನಿ ಅಳಿಸುತ್ತಾ ಅಲ್ಲಿ ಏನಿರಬೇಕೋ ಬರೆಯುತ್ತಾ ಹೋದೆವು. ಕೊನೆಯ ಸೀಟು, ಅಂಕಿ. ಬಸ್ಸಿನ ಹೆಸರು, ಅಕ್ಷರ. ನಡುವೆ 'ಕೆ2' ಎಂಬುದೊಂದು ಎದುರಾಯಿತು. ನಾನೇ ಬರೆದದ್ದು. ಏನದು? ಫ್ಯಾನು ನೋಡಿದೆ. ಈ ಸಲ ನಾಟಕವಲ್ಲ, ನಿಜವಾಗಿ ನೋಡಿದೆ. ಫ್ಯಾನಿನಲ್ಲಿ ಉತ್ತರವಿರಲಿಲ್ಲ. ಆರು ವರ್ಷದಲ್ಲಿ ಮೊದಲ ಬಾರಿಗೆ, "ಇದು ಏನು ಅಂತ ನನಗ ನೆನಪ ಇಲ್ರಿ," ಎಂದೆ.

"ಬಸರಿ ಹೆಣ್ಮಕ್ಕಳಿಗೆ ಬಾಗಲ ಹತ್ರದ ಸೀಟ್ ಕಾದಿಡಾಕ ಅಂತ ಮಾಡಿದ್ದು, ಹೌದು ಅಲ್ಲ ಅಂತ ಬರ್ತೈತಿ. ನೀವ ಹೇಳಿದ್ರಲ್ರಿ, ನಾ ಬಂದ ಹೊಸತರಾಗ. ಯೂಸುಫ್ ಭಾಯ್ ಕೇಳಿದ್ರು ಅಂತ, ಯಾರಿಗೂ ಹೇಳದ ಅವತ್ತ ಮಾಡಿಕೊಟ್ಟಿದ್ರಂತ."

ಹೇಳುವಾಗ ಆಕೆಯ ಬೆನ್ನು ನೆಟ್ಟಗಾಗಿತ್ತು. ಕನ್ನಡಕ ಮೂಗಿನ ಮೇಲೆ ತುಸು ಮೇಲೇರಿತ್ತು. ಮೀಟಿಂಗಿನಲ್ಲಿ ನಡುಗಿದ್ದ ದನಿಗೆ ಒಂದು ನೆಲೆ ಸಿಕ್ಕಿತ್ತು. ಗೊತ್ತಿದ್ದದ್ದನ್ನು ಗೊತ್ತಿಲ್ಲದವರಿಗೆ ಹೇಳುವ ಸುಖ ಅದು; ಅದರ ರುಚಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹನ್ನೆರಡು ವರ್ಷ ಆಕೆಯನ್ನು ಯಾರೂ ಏನನ್ನೂ ಕೇಳಿರಲಿಲ್ಲವೇನೋ ಅನಿಸಿತು. ಕೇಳಿದ್ದರೆ ಟವಲು ಎಲ್ಲಿ, ಮಾತ್ರೆ ಎಲ್ಲಿ ಎಂದು ಕೇಳಿರಬಹುದು.

ಅದರ ಕೆಳಗಿನ ಸಾಲು ಸೀಟು ಕಿಟಕಿಯ ಪಕ್ಕದ್ದೋ ಅಲ್ಲವೋ ಎಂಬುದು. ಅದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ನನ್ನ ಮೊದಲ ವಾರದ ಕೆಲಸ ಅದು.

"ಮತ್ತ ಇದೇನ್ರಿ?" ಎಂದು ಕೇಳಿದೆ.

ಆಕೆ ವಿವರಿಸಿದರು. ನಾನು ಚಹಾ ಕುಡಿಯುತ್ತಾ, ಇದೇ ಮೊದಲು ಕೇಳಿದವನಂತೆ ನಿಧಾನವಾಗಿ ತಲೆದೂಗಿದೆ. ತಲೆದೂಗುತ್ತಿದ್ದಂತೆ ಕಪ್ಪು ತುಟಿಯ ಹತ್ತಿರವೇ ನಿಂತಿತು. ಈ ತಲೆದೂಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೆ! ಆರು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತವರೆಲ್ಲ ಥೇಟು ಹೀಗೆಯೇ, ಇಷ್ಟೇ ನಿಧಾನವಾಗಿ ತಲೆದೂಗುತ್ತಿದ್ದರು. ಅವರಲ್ಲಿ ಎಷ್ಟು ಜನಕ್ಕೆ ಉತ್ತರ ಮೊದಲೇ ಗೊತ್ತಿತ್ತೋ, ಕೇಳುವ ಧೈರ್ಯ ನನಗಿಲ್ಲ.